ಊರಿನ ನೀರಿಗೆ ಊರಿನ ಸಾಬೂನು: ಘಟ್ಟದ ಮೇಲಿನ ಒಂದು ಮಹಿಳಾ ಸಂಘದ ಪ್ರಕರಣ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಏಳು ಮಹಿಳೆಯರ ಸ್ವಸಹಾಯ ಸಂಘವೊಂದು ಕೈಯಲ್ಲೇ ಸಾಬೂನು ತಯಾರಿಸಿ ಮಾರಲು ಹೊರಟು, ಮೂರು ವರ್ಷಗಳಲ್ಲಿ ಎರಡು ಬಾರಿ ಬಾಗಿಲು ಹಾಕುವ ಹಂತಕ್ಕೆ ಬಂದು, ಈಗ ಸಣ್ಣ ಪ್ರಮಾಣದಲ್ಲಿ ನೆಲೆ ಕಂಡುಕೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಸಂಘದ ಲೆಕ್ಕಪತ್ರ ಬರೆದುಕೊಡಲು ಹೋದ ನಾನು ನಿಧಾನವಾಗಿ ಅವರ ಜಗಳಗಳಿಗೂ ಸಾಕ್ಷಿಯಾದೆ. ಊರು ಮತ್ತು ಸದಸ್ಯರ ಗುರುತನ್ನು ಅವರ ಇಚ್ಛೆಯಂತೆ ಮರೆಮಾಡಿದ್ದೇನೆ. ನಡೆದ ತಪ್ಪುಗಳನ್ನು ಮರೆಮಾಡಬೇಕೆಂದು ಅವರು ಕೇಳಲಿಲ್ಲ.

ಹಿನ್ನೆಲೆ

ಸಂಘದಲ್ಲಿ ಐವರು ಅಡಿಕೆ ತೋಟದ ಮನೆಗಳವರು, ಇಬ್ಬರು ಕೂಲಿಗೆ ಹೋಗುವವರು. ಉಳಿತಾಯಕ್ಕೆಂದು ಹುಟ್ಟಿದ ಸಂಘವು ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿತ್ತು. ಸಾಬೂನಿನ ಯೋಚನೆ ಬಂದದ್ದು ಒಬ್ಬ ಸದಸ್ಯೆಯ ತವರುಮನೆಯಿಂದ. ಘಟ್ಟದ ಕೆಳಗೆ, ಹೊನ್ನಾವರ, ಭಟ್ಕಳದ ಕಡೆ, ಗಲ್ಫ್ ದೇಶಗಳಲ್ಲಿ ದುಡಿಯುವವರು ರಜೆಗೆ ಬರುವಾಗ ಖರ್ಜೂರದ ಜೊತೆ ಸೋಪನ್ನೂ ತರುವುದು ಹಳೆಯ ರೂಢಿ. ಆ ಸದಸ್ಯೆಯ ಮನೆಗೂ ಪರಿಚಿತರ ಕೈಯಿಂದ ವರ್ಷಕ್ಕೆ ನಾಲ್ಕಾರು ಬಿಲ್ಲೆ ಬರುತ್ತಿದ್ದವು. ಅವನ್ನು ಅವರ ತಾಯಿ ಬಚ್ಚಲುಮನೆಗೆ ಒಯ್ಯದೆ, ಪರಿಮಳಕ್ಕೆಂದು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು. ಸ್ನಾನಕ್ಕೂ ಮೀರಿದ ಗೌರವ ಪಡೆದ ಆ ವಸ್ತುವಿನ ಎದುರು ತಮ್ಮ ಸಾಬೂನು ನಿಲ್ಲಬೇಕಿದೆ ಎಂಬುದು ಸಂಘಕ್ಕೆ ಮೊದಲೇ ಗೊತ್ತಿತ್ತು.

ಪೈಪೋಟಿ ಯಾರ ಜೊತೆ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಕಿರಾಣಿ ಅಂಗಡಿಯ ಸಾಲಿನಲ್ಲಿರುವ ಬಹುರಾಷ್ಟ್ರೀಯ ಕಂಪನಿಗಳ ಸೋಪುಗಳಲ್ಲಿ ಹೆಚ್ಚಿನವು ತಯಾರಾಗುವುದು ನಮ್ಮ ದೇಶದಲ್ಲೇ. ಅವುಗಳ ಬೆಲೆಗೆ ಕೈಯಲ್ಲಿ ಮಾಡಿದ ಸಾಬೂನು ಎಂದೂ ಇಳಿಯಲಾರದು. ಸಂಘದ 100 ಗ್ರಾಂ ಬಿಲ್ಲೆಗೆ 120 ರೂಪಾಯಿ. ಆ ಬೆಲೆ ಕೊಡುವವರು ಪೇಟೆಯ ‘ಫಾರಿನ್ ಸಾಮಾನಿನ’ ಅಂಗಡಿಗೆ ಹೋಗುವವರು ಮತ್ತು ಕೋಣೆಗಳಲ್ಲಿ ವಿದೇಶಿ ಹೆಸರಿನ ಪುಟ್ಟ ಸೋಪು ಇಡುವ ಹೋಮ್‌ಸ್ಟೇ ಮಾಲೀಕರು.

ಎರಡನೆಯ ಸಲ ಬಾರದ ಗಿರಾಕಿ

2022ರ ಕೊನೆಯಲ್ಲಿ ಮೂರು ದಿನಗಳ ತರಬೇತಿ ಪಡೆದು, ಉಳಿದದ್ದನ್ನು ಮೊಬೈಲ್ ವಿಡಿಯೋಗಳಿಂದ ಕಲಿತು, ಸಂಘವು ಜಾತ್ರೆ ಮತ್ತು ಕೃಷಿ ಮೇಳಗಳಲ್ಲಿ ಮಳಿಗೆ ಹಾಕಿತು. ಮಳಿಗೆಯ ಮೇಲೆ ‘ವಿದೇಶಿ ಸಾಬೂನು ಬಿಡಿ, ನಮ್ಮೂರ ಸಾಬೂನು ಹಿಡಿ’ ಎಂಬ ಬಟ್ಟೆಯ ಫಲಕವಿತ್ತು. ಹೊದಿಕೆಯ ಮೇಲೆ ‘ಸಂಪೂರ್ಣ ರಾಸಾಯನಿಕ ಮುಕ್ತ’ ಎಂದು ಅಚ್ಚಾಗಿತ್ತು. ಮೊದಲ ಬೇಸಿಗೆಯಲ್ಲಿ 900ರಷ್ಟು ಬಿಲ್ಲೆಗಳು ಮಾರಾಟವಾದಾಗ ಎಲ್ಲರಿಗೂ ಹಿಗ್ಗು. ಆದರೆ ಫೋನ್ ನಂಬರು ಬರೆಸಿ ಹೋಗಿದ್ದ 140 ಜನರಲ್ಲಿ ಮರಳಿ ಕೇಳಿದವರು ಒಂಬತ್ತೇ ಮಂದಿ. ಮಳೆ ಹಿಡಿಯುವಷ್ಟರಲ್ಲಿ ಉಳಿದ ಬಿಲ್ಲೆಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದು ಕಮಟು ವಾಸನೆ ಬರತೊಡಗಿತು. ಹಪ್ಪಳಕ್ಕೇ ಮರಳೋಣ ಎಂಬ ಮಾತು ಮೊದಲ ಬಾರಿ ಬಂದದ್ದು ಆಗ.

ಮುಚ್ಚುವ ಮೊದಲು ಕೊಂಡವರ ಮನೆಗೆ ಹೋಗಿ ಬನ್ನಿ ಎಂಬ ನನ್ನ ಸಲಹೆಗೆ ಸಂಘ ಒಪ್ಪಿತು. ಮೇಳದಲ್ಲಿ ಹೊಗಳಿದವರೇ ಮನೆಯ ಜಗುಲಿಯಲ್ಲಿ ಕುಳಿತು ಚಹಾ ಕೊಟ್ಟು ಸತ್ಯ ಹೇಳಿದರು. ಬಚ್ಚಲಿನ ಮುಚ್ಚಿದ ಡಬ್ಬಿಯಲ್ಲಿ ಸಾಬೂನು ನಾಲ್ಕೇ ದಿನಕ್ಕೆ ಅಂಬಲಿಯಾಗಿತ್ತು. 100 ಗ್ರಾಂ ಎಂದು ಬರೆದ ಬಿಲ್ಲೆಯನ್ನು ಒಬ್ಬ ಅಂಗಡಿಕಾರರು ತಮ್ಮ ತಕ್ಕಡಿಯಲ್ಲೇ ಇಟ್ಟು 91 ಎಂದು ತೋರಿಸಿದರು. ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರು ‘ರಾಸಾಯನಿಕ ಮುಕ್ತ’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಕಾಸ್ಟಿಕ್ ಸೋಡಾ ಹಾಕದೆ ಹೇಗೆ ಮಾಡಿದಿರಿ ತಂಗಿ, ನನಗೂ ಸ್ವಲ್ಪ ಹೇಳಿಕೊಡಿ” ಎಂದರಂತೆ. ಹೋಗಿದ್ದ ಇಬ್ಬರೂ ಉತ್ತರವಿಲ್ಲದೆ ಎದ್ದು ಬಂದರು.

ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದಾಗ ಎರಡೂ ತಮ್ಮ ರೂಪ ಕಳೆದುಕೊಂಡು ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ; ಲೆಕ್ಕ ಸರಿಯಿದ್ದರೆ ಕಾಸ್ಟಿಕ್ ಉಳಿಯುವುದಿಲ್ಲ. ಇದನ್ನು ಹೇಳಲು ನಾಚಬೇಕಾದ್ದೇನೂ ಇಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಈ ಗ್ಲಿಸರಿನ್ ಅನ್ನು ಬೇರ್ಪಡಿಸಿ ಪ್ರತ್ಯೇಕವಾಗಿ ಮಾರುತ್ತಾರೆ. ಕೈಯಲ್ಲಿ ಮಾಡಿದ ಬಿಲ್ಲೆಯಲ್ಲಿ ಅದು ಹಾಗೇ ಉಳಿದು ಚರ್ಮಕ್ಕೆ ಹಿತವೆನಿಸುತ್ತದೆ. ಮಲೆನಾಡಿನ ಆಷಾಢದಲ್ಲಿ ಗಾಳಿಯ ತೇವವನ್ನೆಲ್ಲ ಹೀರಿ ಬಿಲ್ಲೆಯ ಮೇಲೆ ಬೆವರು ಹನಿಸುವುದೂ ಅದೇ ಗ್ಲಿಸರಿನ್. ತೂಕದ ಕೊರತೆಗೆ ಕಾರಣ ಮೋಸವಲ್ಲ, ಅವಸರ: ನಾಲ್ಕರಿಂದ ಆರು ವಾರ ಮಾಗಬೇಕಾದ ಬಿಲ್ಲೆಯನ್ನು ಎರಡೇ ವಾರಕ್ಕೆ ತೂಗಿ ಹೊದಿಕೆ ಸುತ್ತಿದ್ದರಿಂದ ನೀರು ಆಮೇಲೆ ಆರಿ ಹೋಗಿತ್ತು. ಆದರೆ ತಕ್ಕಡಿಯ ಮುಂದೆ ನಿಂತ ಗಿರಾಕಿಗೆ ಅವಸರವೂ ಮೋಸವೂ ಒಂದೇ ಆಗಿ ಕಾಣುತ್ತದೆ.

ಆ ವಾರದ ಸಭೆಯಲ್ಲಿ ಫಲಕವನ್ನು ಮಡಿಸಿ ಇಡುವ ತೀರ್ಮಾನವಾಯಿತು. ಅಧ್ಯಕ್ಷೆ ಇದನ್ನು ಒಪ್ಪಲಿಲ್ಲ. ಊರಿನವರು ಊರಿನವರನ್ನು ಬೆಂಬಲಿಸದಿದ್ದರೆ ಇನ್ನಾರು ಬೆಂಬಲಿಸಬೇಕು ಎಂಬುದು ಅವರ ವಾದ. ಅದಕ್ಕೆ ಹಿರಿಯ ಸದಸ್ಯೆ ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ: “ಮೈಸೂರು ಸ್ಯಾಂಡಲ್ ಸೋಪನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರು ಬಳಸಿದ್ದೇವೆ, ಮಹಾರಾಜರ ಮೇಲಿನ ಕನಿಕರದಿಂದಲ್ಲ.” ಮೊದಲ ಮಹಾಯುದ್ಧದಿಂದಾಗಿ ಗಂಧದ ಮರದ ರಫ್ತು ನಿಂತು ಮೈಸೂರಿನಲ್ಲಿ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಇಲ್ಲೇ ಆರಂಭವಾಯಿತು; ರಸಾಯನತಜ್ಞ ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆಯ ತಂತ್ರ ಕಲಿತು ಬಂದರು. ಅಂದಿನ ಪೈಪೋಟಿಯೂ ಹೊರದೇಶದ ಸೋಪಿನ ಜೊತೆಗೇ. ಆ ಸೋಪು ಒಂದು ಶತಮಾನ ದಾಟಿದ್ದು ಸ್ವದೇಶಾಭಿಮಾನದಿಂದಲೋ ಗಂಧದಿಂದಲೋ ಎಂಬ ಚರ್ಚೆ ಆ ದಿನ ಸಂಜೆಯವರೆಗೂ ನಡೆಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಅಭಿಮಾನದಿಂದ ಮೊದಲ ಬಿಲ್ಲೆ ಮಾರಾಟವಾಗುತ್ತದೆ, ಎರಡನೆಯದು ಆಗುವುದಿಲ್ಲ. ಸಂಘದ ನಂಬರಿನ ಪುಸ್ತಕವೇ ಅದಕ್ಕೆ ಸಾಕ್ಷಿಯಾಗಿತ್ತು.

ಮುರುಗಲು ತುಪ್ಪ

ಈ ಪ್ರಕರಣದ ನಿಜವಾದ ತಿರುವು ಲೆಕ್ಕದ ಪುಸ್ತಕದಲ್ಲೇ ಅಡಗಿತ್ತು. ಖರ್ಚಿನ ಕಲಮುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಾಗ ಒಂದು ವಿಷಯ ಎಲ್ಲರಿಗೂ ಒಟ್ಟಿಗೇ ಹೊಳೆಯಿತು: ‘ನಮ್ಮೂರ ಸಾಬೂನಿನ’ ಸಾಮಾನುಗಳಲ್ಲಿ ಆಲಿವ್ ಎಣ್ಣೆ ಹೊರದೇಶದ್ದು, ಶಿಯಾ ಬೆಣ್ಣೆ ಆಫ್ರಿಕಾದ್ದು, ತಾಳೆ ಎಣ್ಣೆಯೂ ಹಡಗಿನಲ್ಲಿ ಬಂದದ್ದು, ಲ್ಯಾವೆಂಡರ್ ತೈಲ ನಾವಾರೂ ಕಾಣದ ಗಿಡದ್ದು. ಊರಿನದು ಎನ್ನಲು ಉಳಿದದ್ದು ತೆಂಗಿನೆಣ್ಣೆ, ನೀರು ಮತ್ತು ಕೈಕೆಲಸ ಮಾತ್ರ. ವಿಡಿಯೋ ಮಾಡಿದವರು ತಮ್ಮ ದೇಶದಲ್ಲಿ ಸಿಗುವುದನ್ನು ಹಾಕಿದ್ದರು. ಇವರು ಅದನ್ನೇ ಕೊರಿಯರಿನಲ್ಲಿ ತರಿಸಿ ಹಾಕಿದ್ದರು.

ಕೂಲಿಗೆ ಹೋಗುವ ಸದಸ್ಯೆಯೊಬ್ಬರು, ಸಭೆಗಳಲ್ಲಿ ಬಾಯಿ ಬಿಡುವುದೇ ಅಪರೂಪವಾದವರು, ಶಿಯಾ ಬೆಣ್ಣೆಯ ಡಬ್ಬಿಯನ್ನು ಮೂಸಿ ನೋಡಿ, ಬೆರಳಿಗೆ ಸವರಿಕೊಂಡು, “ಇದು ನಮ್ಮ ಮುರುಗಲು ತುಪ್ಪದ ಹಾಂಗೇ ಇದೆಯಲ್ಲ” ಎಂದರು. ಮುರುಗಲು, ಅಂದರೆ ಪುನರ್ಪುಳಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಸಾರಿಗೆ, ಪಾನಕಕ್ಕೆ ಇಟ್ಟುಕೊಂಡ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಒಡೆದು, ಅರೆದು, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಅದು. ತಣಿದಾಗ ಗಟ್ಟಿಯಾಗುವ ಅದನ್ನು ಉಂಡೆ ಕಟ್ಟಿ ಇಟ್ಟು, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚುವುದು ಇಲ್ಲಿನ ಮನೆಗಳ ವಾಡಿಕೆ. ಹೊರದೇಶಗಳ ಸೌಂದರ್ಯ ಸಾಧನಗಳಲ್ಲಿ ಕೋಕಂ ಬೆಣ್ಣೆ ಎಂಬ ಹೆಸರಿನಲ್ಲಿ ದುಬಾರಿಯಾಗಿ ಮಾರಾಟವಾಗುವುದು ಇದೇ ಎಂದು ನಾನು ಮೊಬೈಲಿನಲ್ಲಿ ತೋರಿಸಿದಾಗ, ಯಾರೂ ನಗಲಿಲ್ಲ. ಏಳು ಮನೆಗಳಲ್ಲಿ ಅರ್ಧದಷ್ಟು ಕಡೆ ಬೀಜ ಇನ್ನೂ ತಿಪ್ಪೆಗೆ ಹೋಗುತ್ತಿತ್ತು.

ಹೊಸ ಪಾಕವನ್ನು ಹೊಂದಿಸಲು ಐದು ತಿಂಗಳು ಹಿಡಿಯಿತು. ಕೊನೆಗೆ ನಿಂತದ್ದು ಹೀಗೆ: ಪ್ರತಿ ಕಿಲೋ ಎಣ್ಣೆಯಲ್ಲಿ 650 ಗ್ರಾಂ ತೆಂಗಿನೆಣ್ಣೆ, 150 ಗ್ರಾಂ ಅಕ್ಕಿ ತೌಡಿನ ಎಣ್ಣೆ, 100 ಗ್ರಾಂ ಹರಳೆಣ್ಣೆ, 100 ಗ್ರಾಂ ಮುರುಗಲು ತುಪ್ಪ. ತೆಂಗಿನೆಣ್ಣೆ ನೊರೆ ಕೊಡುತ್ತದೆ, ಹರಳೆಣ್ಣೆ ಆ ನೊರೆಯನ್ನು ಹಿಡಿದಿಡುತ್ತದೆ, ಮುರುಗಲು ತುಪ್ಪ ಬಿಲ್ಲೆಯನ್ನು ಗಟ್ಟಿಯಾಗಿಸುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯಬೇಕು ಎಂಬುದನ್ನು ಮಾತ್ರ ಯಾರೂ ಅವರಿಗೆ ಕಲಿಸಬೇಕಿರಲಿಲ್ಲ. ಅರಿಶಿನದ ಬಿಲ್ಲೆ ಕ್ಷಾರ ತಾಗಿದೊಡನೆ ಕೆಂಪಾದಾಗ ತರಬೇತಿಯ ಟಿಪ್ಪಣಿಯಲ್ಲಿ ಉತ್ತರವಿರಲಿಲ್ಲ. ಆರತಿಯ ಓಕುಳಿಗೆ ಅರಿಶಿನ, ಸುಣ್ಣ ಕದಡಿದ ಕೈಗಳಿಗೆ ಉತ್ತರ ಗೊತ್ತಿತ್ತು.

ಮಳೆಗಾಲದ ಸಮಸ್ಯೆಗೆ ಮೊದಲು ಬಿಲ್ಲೆಗಳನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಿ ನೋಡಿದರು. ಸಾಬೂನೆಲ್ಲ ಹೊಗೆ ವಾಸನೆ ಹೊಡೆಯಿತು. ಅನಂತರ ಹಪ್ಪಳದ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿದರು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಯಾರಿಕೆ ನಿಲ್ಲಿಸಿ, ಬೇಸಿಗೆಯಲ್ಲಿ ಮಾಡಿ ಆರು ವಾರ ಮಾಗಿಸಿ, ಮಾಗಿದ ಮೇಲೆಯೇ ತೂಗಿ, ಗಾಳಿಯಾಡದ ಡಬ್ಬಗಳಲ್ಲಿ ತುಂಬಿಡುವುದು. ಅಚ್ಚಿನಿಂದ ಕೊಯ್ಯುವಾಗಲೇ ಬಿಲ್ಲೆಯನ್ನು ತುಸು ದಪ್ಪ ಕೊಯ್ಯತೊಡಗಿದರು. ಬಚ್ಚಲಿನಲ್ಲಿ ಕರಗುವ ದೂರಿಗೆ ಉಪಾಯ ಹಿತ್ತಲಲ್ಲೇ ಇತ್ತು. ಒಣಗಿದ ತುಪ್ಪೀರೆಯ ನಾರನ್ನು ಅಂಗೈಯಗಲ ಕತ್ತರಿಸಿ ಪ್ರತಿ ಬಿಲ್ಲೆಯ ಅಡಿಗಿಟ್ಟು ಕೊಟ್ಟರು. ನೀರು ಬಸಿದು ಹೋಗಿ ಸಾಬೂನು ಒಣಗಿರುತ್ತದೆ, ನಾರಿನಿಂದ ಮೈಯನ್ನೂ ಉಜ್ಜಬಹುದು.

ಬೆಂಗಳೂರಿನ ಬೋರ್‌ವೆಲ್

ಹೊಸ ಸಾಬೂನಿನ ಮೊದಲ ದೂರು ಬಂದದ್ದು ಅಧ್ಯಕ್ಷೆಯ ಸ್ವಂತ ಮಗಳಿಂದ. ತವರಿನಲ್ಲಿ ಮೊಸರಿನ ಕೆನೆಯಂತೆ ನೊರೆ ಬರುವ ಬಿಲ್ಲೆ, ಬೆಂಗಳೂರಿನ ಅವಳ ಮನೆಯ ಬೋರ್‌ವೆಲ್ ನೀರಿನಲ್ಲಿ ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕಟ್ಟುತ್ತಿತ್ತು, ಕೂದಲು ಅಂಟಂಟಾಗುತ್ತಿತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿದರೆ ಆಗುವುದೇ ಅದು. ಕಾರ್ಖಾನೆಯ ಸೋಪುಗಳಲ್ಲಿ ಅವನ್ನು ಹಿಡಿದಿಡಲು ಇಡಿಟಿಎಯಂಥ ವಸ್ತುಗಳನ್ನು ಸೇರಿಸಿರುತ್ತಾರೆ, ಏಕೆಂದರೆ ಅವು ಯಾವ ಊರಿನ ನಲ್ಲಿಯ ಕೆಳಗೆ ಹೋಗಿ ಬೀಳುತ್ತವೆಂದು ಮಾಡುವವರಿಗೆ ಗೊತ್ತಿರುವುದಿಲ್ಲ.

ತಾವೂ ಹಾಗೆ ಏನನ್ನಾದರೂ ಸೇರಿಸುವುದೋ, ಬೆಂಗಳೂರನ್ನೇ ಬಿಡುವುದೋ ಎಂಬ ಪ್ರಶ್ನೆ ಎರಡು ಸಭೆಗಳನ್ನು ತಿಂದಿತು. ಸಂಘ ಎರಡನೆಯದನ್ನು ಆರಿಸಿತು, ಹೊದಿಕೆಯ ಮೇಲೆ ‘ಬಾವಿ, ಹೊಳೆ, ಅಬ್ಬಿ ನೀರಿಗೆ ಹೊಂದುವ ಸಾಬೂನು, ಗಡಸು ನೀರಿನಲ್ಲಿ ನೊರೆ ಕಡಿಮೆ’ ಎಂದು ಅಚ್ಚು ಹಾಕಿಸಿತು. ತನ್ನ ಕೊರತೆಯನ್ನು ತಾನೇ ಅಚ್ಚು ಹಾಕಿಸಿದ ಸರಕನ್ನು ನಾನು ಅದುವರೆಗೆ ಕಂಡಿರಲಿಲ್ಲ, ಮತ್ತು ಇದು ದುಡುಕು ಎಂದೇ ಆಗ ಭಾವಿಸಿದ್ದೆ. ಫಲ ಬೇರೆಯಾಯಿತು. ಸುತ್ತಲಿನ ಹೋಮ್‌ಸ್ಟೇಗಳಿಗೆ ಬರುವ ಅತಿಥಿಗಳು ಬೋರ್‌ವೆಲ್ ನೀರಿನ ಊರುಗಳವರು. ಇಲ್ಲಿನ ಅಬ್ಬಿ ನೀರಿನಲ್ಲಿ ಆ ನೊರೆ ಕಂಡು ಅವರೇ ಬೆರಗಾಗಿ ಹೊದಿಕೆ ಓದುತ್ತಿದ್ದರು. ಹೋಮ್‌ಸ್ಟೇಗಳಿಗೆಂದೇ 20 ಗ್ರಾಂನ ತುಂಡುಗಳನ್ನು ಕೊಯ್ದು ಕೊಡಲು ಆರಂಭಿಸಿದ ಮೇಲೆ, ವಿದೇಶಿ ಸೋಪು ತರಿಸುತ್ತಿದ್ದ ಮೂವರು ಮಾಲೀಕರು ಒಂದೇ ಹಂಗಾಮಿನಲ್ಲಿ ಬದಲಾದರು. ಅವರಲ್ಲಿ ಒಬ್ಬರೂ ಸ್ವದೇಶಿಯ ಮಾತೆತ್ತಲಿಲ್ಲ.

ಪರವಾನಗಿ

ಇಷ್ಟು ದಿನ ಪರವಾನಗಿಯಿಲ್ಲದೆ ಮಾರಿದ್ದು ತಪ್ಪು. ಅದನ್ನು ಇಲ್ಲಿ ಹೇಳಿಬಿಡುವುದೇ ಸರಿ. ಮೈಗೆ ಹಚ್ಚುವ ಸಾಬೂನು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ಬರುತ್ತದೆ, ಮನೆಯಲ್ಲಿ ಮಾಡಿದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ತಯಾರಿಕೆಗೆ ಅರ್ಹ ತಾಂತ್ರಿಕ ಸಿಬ್ಬಂದಿ ಬೇಕು ಎಂಬ ಷರತ್ತು ಓದಿ ಎಲ್ಲರೂ ಕೈಚೆಲ್ಲಿದರು. ಆದರೆ ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೂ ಅಲ್ಲಿ ಅವಕಾಶವಿದೆ. ಹಿರಿಯ ಸದಸ್ಯೆಯ ಸೊಸೆ ಪಿಯುಸಿ ವಿಜ್ಞಾನ ಮುಗಿಸಿ ಮದುವೆಯಾಗಿ ಬಂದವಳು. ಹತ್ತು ವರ್ಷ ಟ್ರಂಕಿನ ತಳದಲ್ಲಿದ್ದ ಅವಳ ಅಂಕಪಟ್ಟಿ ಹೀಗೆ ಹೊರಬಂತು. ಪ್ರತ್ಯೇಕ ಕೋಣೆ, ತಪಾಸಣೆ, ಅಲೆದಾಟ ಎಲ್ಲ ಸೇರಿ ಎಂಟು ತಿಂಗಳಾಯಿತು. ‘ಕಜ್ಜಿ, ಇಸುಬು ವಾಸಿಯಾಗುತ್ತದೆ’ ಎಂಬ ಸಾಲನ್ನು ಹೊದಿಕೆಯಿಂದ ತೆಗೆಯಬೇಕಾಯಿತು, ಏಕೆಂದರೆ ಹಾಗೆ ಹೇಳಿಕೊಂಡರೆ ಅದು ಸಾಬೂನಲ್ಲ, ಔಷಧ. ಪ್ರತಿ ಅಚ್ಚಿಗೂ ಬ್ಯಾಚ್ ಸಂಖ್ಯೆ ಬರೆದು, ಯಾವ ಬಿಲ್ಲೆ ಯಾರಿಗೆ ಹೋಯಿತೆಂದು ದಾಖಲಿಸುವ ಕೆಲಸಕ್ಕೆ ಎಲ್ಲರೂ ಗೊಣಗಿದರು.

ಏಳು ಗ್ರಾಂ

2025ರಲ್ಲಿ ತೆಂಗಿನೆಣ್ಣೆಯ ಬೆಲೆ ಕಂಡು ಕೇಳರಿಯದಷ್ಟು ಏರಿತು. ಆ ಏಪ್ರಿಲ್‌ನ ಒಂದು ದಿನ ಅಚ್ಚಿಗೆ ಕುಳಿತಿದ್ದ ಹಿರಿಯ ಸದಸ್ಯೆ, ಉಳಿತಾಯವಾಗಲಿ ಎಂದು, ಪ್ರತಿ ಕಿಲೋ ಎಣ್ಣೆಯಲ್ಲಿ 300 ಗ್ರಾಂ ತೆಂಗಿನೆಣ್ಣೆಯನ್ನು ತೆಗೆದು ಅಷ್ಟೇ ತೂಕದ ತೌಡಿನ ಎಣ್ಣೆ ಸುರಿದರು. ಊರಿನಲ್ಲೇ ಹೆಸರಾದ ಅಡಿಗೆಯವರು ಅವರು. ಒಗ್ಗರಣೆಗೆ ಒಂದು ಎಣ್ಣೆ ಇಲ್ಲದಿದ್ದರೆ ಇನ್ನೊಂದು ಎಂಬುದು ಅಡಿಗೆಮನೆಯಲ್ಲಿ ಜಾಣತನವೇ. ಸಾಬೂನಿನಲ್ಲಿ ಹಾಗಲ್ಲ. ಒಂದು ಕಿಲೋ ತೆಂಗಿನೆಣ್ಣೆ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಡುತ್ತದೆ, ತೌಡಿನ ಎಣ್ಣೆಗೆ 133ರಷ್ಟು ಸಾಕು. ಬದಲಾದ 300 ಗ್ರಾಂ ಎಣ್ಣೆಗೆ ಕಾಸ್ಟಿಕ್ 15 ಗ್ರಾಂ ಕಡಿಮೆ ಬೇಕಿತ್ತು, ಅವರು ಹಾಕಿದ್ದು ಹಳೆಯ ಅಳತೆಯನ್ನೇ. ಬಿಲ್ಲೆ ಮೃದುವಾಗಿರಲೆಂದು ಪಾಕದಲ್ಲಿ ಐದು ಪ್ರತಿಶತ ಎಣ್ಣೆ ಹೆಚ್ಚುವರಿಯಾಗಿ ಉಳಿಯುವಂತೆ ಮೊದಲೇ ಲೆಕ್ಕ ಹಾಕಿರುವುದರಿಂದ ಅದು 8 ಗ್ರಾಂ ಕಾಸ್ಟಿಕ್ ಅನ್ನು ನುಂಗಿಕೊಂಡಿತು. ಉಳಿದ 7 ಗ್ರಾಂ ಬಿಲ್ಲೆಯಲ್ಲೇ ನಿಂತಿತು.

ಜೂನ್ ಮಧ್ಯದಲ್ಲಿ ಮಗುವಿನ ಕೆನ್ನೆ ಕೆಂಪಾಗಿ ಉರಿಯುತ್ತಿದೆ ಎಂದು ಒಬ್ಬ ತಾಯಿಯ ಫೋನು ಬಂತು. ಅದೇ ವಾರ ಇನ್ನೆರಡು. ಮೂವರಿಗೂ ಹಣ ಹಿಂದಿರುಗಿಸಿ ವಿಷಯ ಮುಗಿಸೋಣ, ಊರೆಲ್ಲ ಹಬ್ಬಿದರೆ ಸಂಘವೇ ಮುಳುಗುತ್ತದೆ ಎಂದರು ಅಧ್ಯಕ್ಷೆ. ಸೊಸೆ ಮಾತನಾಡದೆ ಆ ಬ್ಯಾಚಿನ ಒಂದು ಬಿಲ್ಲೆಯನ್ನು ಒದ್ದೆ ಮಾಡಿ, ಬೆರಳಿಗೆ ಹತ್ತಿದ್ದನ್ನು ನಾಲಿಗೆಯ ತುದಿಗೆ ತಾಗಿಸಿದಳು. ಬ್ಯಾಟರಿ ಸೆಲ್ ನೆಕ್ಕಿದಂತೆ ಚುರುಕ್ಕೆಂದಿತು. ಇನ್ನೊಂದು ಬ್ಯಾಚಿನ ಬಿಲ್ಲೆ ಬರಿಯ ಸಾಬೂನಿನ ರುಚಿಯಷ್ಟೇ ಕೊಟ್ಟಿತು. ಅತ್ತೆಯ ಮುಖ ನೋಡದೆಯೇ ಅವಳು, “ಅತ್ತೆ, ಆ ದಿನ ಏನು ಹಾಕಿದಿರಿ ಹೇಳಿ, ಬೈಯುವುದಕ್ಕಲ್ಲ” ಎಂದಳು. ಅತ್ತೆ ಹೇಳಿದರು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗೊಣಗುತ್ತ ಬರೆದ ದಾಖಲೆ ಆಗ ಕೈಗೆ ಬಂತು. ಆ ಬ್ಯಾಚಿನ 160 ಬಿಲ್ಲೆಗಳು ಎಲ್ಲೆಲ್ಲಿ ಹೋಗಿವೆ ಎಂಬುದು ಪುಟದಲ್ಲಿತ್ತು. ನಾಲ್ಕು ದಿನ ಮಳೆಯಲ್ಲಿ ಛತ್ರಿ ಹಿಡಿದು ಮನೆಮನೆಗೆ, ಅಂಗಡಿಗೆ, ಹೋಮ್‌ಸ್ಟೇಗೆ ಹೋಗಿ 118 ಬಿಲ್ಲೆಗಳನ್ನು ವಾಪಸ್ ತಂದರು, ಉಳಿದವರಿಗೆ ಬಳಸಬೇಡಿ ಎಂದು ಫೋನು ಮಾಡಿದರು. ನಷ್ಟ ಹದಿನೆಂಟು ಸಾವಿರ ದಾಟಿತು. ಎರಡನೆಯ ಸಲ ಬಾಗಿಲು ಹಾಕುವ ಮಾತು ಬಂದದ್ದು ಈ ಲೆಕ್ಕ ಓದಿದ ದಿನ. ಆದರೆ ದೀಪಾವಳಿಯ ಹೊತ್ತಿಗೆ ನಾನು ಪುಸ್ತಕ ತಿರುವಿದಾಗ ಕಂಡದ್ದು ಬೇರೆ: ಯಾವ ತೊಂದರೆಯೂ ಆಗದೆ, ಸಂಘದಿಂದಲೇ ಎಚ್ಚರಿಕೆಯ ಕರೆ ಪಡೆದಿದ್ದ ಮನೆಗಳಲ್ಲಿ ಮುಕ್ಕಾಲು ಪಾಲು ಮತ್ತೆ ಬಿಲ್ಲೆ ಕೊಂಡಿದ್ದವು. ಮೊದಲ ದೂರು ಕೊಟ್ಟ ತಾಯಿ ಮಾತ್ರ ಕೊಂಡಿಲ್ಲ, ಕೊಳ್ಳಬೇಕೆಂದು ಯಾರೂ ನಿರೀಕ್ಷಿಸಿಯೂ ಇಲ್ಲ. ವಿದೇಶಿ ಸೋಪಿನಲ್ಲಿ ಇಂಥ ದೋಷ ಬಹುಶಃ ಆಗುತ್ತಲೇ ಇರಲಿಲ್ಲ. ಅವರ ಯಂತ್ರಗಳು, ಪರೀಕ್ಷೆಗಳು ಅಷ್ಟು ಪಕ್ಕಾ. ಸಂಘದ ಬಳಿ ಇದ್ದದ್ದು ನಡೆದು ತಲುಪಬಹುದಾದ ದೂರ ಮಾತ್ರ, ಮತ್ತು ಅದನ್ನು ಅವರು ನಡೆದರು.

ಈಗ ಪಾಕದ ಅಳತೆ ಕೋಣೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದೆ. ತೂಗುವವರು ಒಬ್ಬರು, ಓದಿ ಒಪ್ಪುವವರು ಇನ್ನೊಬ್ಬರು; ಎಣ್ಣೆ ಬದಲಿಸಬೇಕಾದರೆ ಸೊಸೆಯ ಸಹಿ ಬೇಕು. ಗೋಡೆಯ ಮೇಲಿನ ಆ ಅಳತೆಯನ್ನು ಬರೆಸಿದ್ದು ಆ ಹಿರಿಯ ಸದಸ್ಯೆಯೇ, ತಮ್ಮ ಸ್ವಂತ ದುಡ್ಡಿನಲ್ಲಿ.

ಈಗಿನ ಸ್ಥಿತಿ

ಕೂಲಿಗೆ ಹೋಗುವ ಇಬ್ಬರಲ್ಲಿ ಒಬ್ಬರು ಬಿಟ್ಟು ಹೋದರು. ಆರು ವಾರ ಮಾಗಿದ ಮೇಲೆ ಸಿಗುವ ಹಣ ವಾರದ ಸಂತೆಗೆ ಒದಗುವುದಿಲ್ಲ ಎಂಬ ಅವರ ಕಾರಣಕ್ಕೆ ಸಂಘದಲ್ಲಿ ಇನ್ನೂ ಉತ್ತರವಿಲ್ಲ. ಉಳಿದ ಆರು ಜನ ತಿಂಗಳಿಗೆ 600ರ ಆಸುಪಾಸು ಬಿಲ್ಲೆ ಮಾರುತ್ತಾರೆ. ಮುರುಗಲು ಬೀಜಕ್ಕೆ ಈಗ ಊರಿನಲ್ಲಿ ಬೆಲೆ ಬಂದಿದೆ, ಮಕ್ಕಳು ಬೇಸಿಗೆ ರಜೆಯಲ್ಲಿ ಚೀಲ ಹಿಡಿದು ಬೆಟ್ಟಕ್ಕೆ ಹೋಗುತ್ತಾರೆ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರು ತಿಂಗಳಿಗೆ 2,000 ಬಿಲ್ಲೆ ಕೇಳಿದರು. ಅಷ್ಟು ಮುರುಗಲು ತುಪ್ಪ ಸುತ್ತಲಿನ ಬೆಟ್ಟಗಳಲ್ಲಿಲ್ಲ, ಅಲ್ಲಿನ ನೀರಿಗೆ ಈ ಸಾಬೂನು ಹೊಂದುವುದೂ ಇಲ್ಲ. ಅವರಿಗೇ ಬೇರೆ ಪಾಕ ಮಾಡೋಣ, ತಾಳೆ ಎಣ್ಣೆಯಾದರೇನು, ಹಣವಾದರೂ ಬರಲಿ ಎನ್ನುತ್ತಾರೆ ಅಧ್ಯಕ್ಷೆ. ಸೊಸೆ ಒಪ್ಪಿಲ್ಲ, ಅವಳ ಅತ್ತೆ ಎರಡೂ ಕಡೆಗೆ ತಲೆಯಾಡಿಸುತ್ತಾರೆ. ವ್ಯಾಪಾರಿಯ ಪತ್ರಕ್ಕೆ ಉತ್ತರ ಬರೆದುಕೊಡಿ ಎಂದು ನನ್ನನ್ನು ಎರಡು ಬಾರಿ ಕರೆಸಿದರು. ಎರಡು ಬಾರಿಯೂ ಚಹಾ ಕುಡಿದು, ಬರೆಯದೆ ಬಂದಿದ್ದೇನೆ.